ಓಸ್ಮೋ ಎಳೆದ ವೈರು

ಕುಹ್ಮೊ, ಫಿನ್ಲೆಂಡ್
ಗುರುವಾರ, ೧೩ ಫೆಬ್ರವರಿ ೨೦೦೩

ಪ್ರೀತಿಯ ಓಸ್ಮೋ,

ಹೇಗಿದ್ದೀಯ? ಸೊಂಟದ ನೋವು ಇಳಿಯಿತೇ? ಹಡಗಿನ ಅಡುಗೆಯವನು ಈಗಲಾದರೂ ಬಟಾಣಿಯನ್ನು ಬೇಯಿಸಿ ಸೂಪು ಮಾಡುತ್ತಾನೋ, ಇಲ್ಲ ಇನ್ನೂ ಕಲ್ಲನ್ನೇ ನುಂಗುತ್ತಿದ್ದೀಯೋ? ನಾನು ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ನಿನ್ನೆ ಕೆಟ್ಟ ಕನಸು ಬಿತ್ತು. ಎಲ್ಲರೂ ಟೀಚರ್ ಮಾರ್ಕೆಟ್ಟಾಳ ಮೇಜಿನ ಮೇಲೆ ತಮ್ಮ ತಮ್ಮ ಪ್ರಬಂಧ ಇಡುತ್ತಿದ್ದಾರೆ, ನಾನೊಬ್ಬಳು ಹಾಲಿನ ಬಕೆಟ್ಟು ಇಟ್ಟು ನಿಂತಿದ್ದೇನೆ. ಆರನೇ ತರಗತಿಗೆ ಶಾಲೆ ಬಿಡಿಸಿ ಹಸುಗಳ ಹಿಂದೆ ಕಳಿಸಿದರಲ್ಲ, ಆ ಹಸುಗಳು ಈ ವಯಸ್ಸಿನಲ್ಲೂ ಬೆನ್ನು ಬಿಟ್ಟಿಲ್ಲ. ನಾಳೆ ಮಧ್ಯಾಹ್ನದೊಳಗೆ ಕೊನೆಯ ಪ್ರಬಂಧ ಕೊಡದಿದ್ದರೆ ಈ ವರ್ಷ ಆರೈಕೆದಾರಳ ಪ್ರಮಾಣಪತ್ರ ಇಲ್ಲ, ಅದಿಲ್ಲದಿದ್ದರೆ ವೃದ್ಧಾಶ್ರಮದಲ್ಲಿ ನೆಲ ಒರೆಸುವುದೇ ಗತಿ. ಮರೆವಿನ ಮುದುಕಿಯರಿಗೆ ಊಟ ಮಾಡಿಸುವ ಬಗ್ಗೆ ನಾನು ಬರೆದದ್ದೆಲ್ಲ ನಿನ್ನ ಆ ಕಂಪ್ಯೂಟರಿನ ಹೊಟ್ಟೆಯೊಳಗಿತ್ತು. ಕಂಪ್ಯೂಟರ್ ಏಳಲೊಲ್ಲದಾಯಿತು.

ಸೋಮವಾರ ಗುಂಡಿ ಒತ್ತಿದರೆ ದೀಪವಿಲ್ಲ, ಸದ್ದಿಲ್ಲ. ಹಿಂದಿನ ದಿನ ಅದರ ಮೇಲಿನ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದೆ, ನಾನೇ ಕೊಂದೆ ಅಂದುಕೊಂಡೆ. ಹಡಗಿಗೆ ಫೋನ್ ಮಾಡೋಣವೆಂದರೆ, ಹೆಂಡತಿಯ ಫೋನ್ ಅಂದ ಕೂಡಲೇ ನಿಮ್ಮ ಕಪ್ತಾನ ಯಾರೋ ಸತ್ತರೆಂದು ತಿಳಿಯುತ್ತಾನೆ. ಪಕ್ಕದ ಮನೆಯ ಏಲಿಸನನ್ನು ಕರೆದೆ. ಬಸ್ಸು ಓಡಿಸಿ ನಿವೃತ್ತನಾದವನಿಗೆ ಯಂತ್ರವೆಂದರೆ ಎಲ್ಲ ಒಂದೇ. ಮುಚ್ಚಳ ಬಿಚ್ಚಿ, ಒಳಗೆ ಉಫ್ ಎಂದು ಊದಿ, ಮೂರು ಲೋಟ ಕಾಫಿ ಕುಡಿದು, "ಬಸ್ಸಾಗಿದ್ರೆ ತಳ್ಳಿ ಸ್ಟಾರ್ಟ್ ಮಾಡ್ತಿದ್ದೆ ಕಣೇ ಹಿಲ್ಕಾ. ಇದರ ಮದರ್‌ಬೋರ್ಡ್ ಹೋಗಿದೆ, ಮಣ್ಣು ಮಾಡ್ಬಿಡು" ಎಂದ. ಕರೆಂಟು ಬರುತ್ತಿದೆಯೇ ಎಂದು ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ. ಹಡಗಿನ ಎಲೆಕ್ಟ್ರಿಷಿಯನ್ನನ ಮನೆಯಲ್ಲಿ ವೈರಿನ ಮೇಲೆ ಯಾರಿಗೆ ಅನುಮಾನ ಬರುತ್ತದೆ, ಹೇಳು?

ಮಂಗಳವಾರ ಬೆಳಿಗ್ಗೆ ಸುಮ್ಮನೆ ಒತ್ತಿ ನೋಡಿದೆ, ಎದ್ದಿತು! ಗಂಜಿಯನ್ನು ಒಲೆಯ ಮೇಲೇ ಮರೆತು ಬರೆಯಲು ಕುಳಿತೆ. ಬಿಸಿಲು ಏರಿ ಸೂರಿನ ಹಿಮ ತೊಟ್ಟಿಕ್ಕತೊಡಗಿತು. ಇನ್ನೇನು ಪುಟ ಮುಗಿಯಬೇಕು, ಪಟ್ಟನೆ ಕತ್ತಲೆ. ಬರೆದ ಪುಟ ಹೋಯಿತು, ಗಂಜಿಯೂ ಸೀದುಹೋಯಿತು. ನಿನ್ನೆಯೂ ಅದೇ ಕಥೆ. ಬೆಳಿಗ್ಗೆ ಹೆಪ್ಪುಗಟ್ಟುವ ಚಳಿಯಲ್ಲಿ ಎದ್ದು ಕೂರುತ್ತದೆ, ಹೊತ್ತೇರಿದರೆ ಸಾಯುತ್ತದೆ. ಏಲಿಸನಿಗೆ ನಗು ತಡೆಯಲಿಲ್ಲ. "ಇದು ಕುಹ್ಮೊದಲ್ಲೇ ಹುಟ್ಟಿದ್ದು ಬಿಡು. ಸ್ವಲ್ಪ ಬೆಚ್ಚಗಾದ್ರೆ ಸಾಕು, ಕೆಲ್ಸಕ್ಕೆ ಬರಲ್ಲ" ಎಂದ. ನನಗೆ ಅವನನ್ನೂ ಯಂತ್ರವನ್ನೂ ಒಟ್ಟಿಗೇ ಸರೋವರದ ಮಂಜುಗಡ್ಡೆಗೆ ತೂತು ಕೊರೆದು ಇಳಿಸಿಬಿಡೋಣ ಅನ್ನಿಸಿತು.

ಇವತ್ತು ಅದನ್ನು ನಿಜವಾಗಿಯೂ ಎತ್ತಿ ಹೊರಗೆಸೆಯಬೇಕೆಂದೇ ಹಿಂಭಾಗದ ವೈರು ಜಗ್ಗಿದೆ. ಬರಲಿಲ್ಲ. ಎಳೆದಷ್ಟೂ ಉದ್ದ. ಮಾಂಸ ಇಟ್ಟ ಫ್ರೀಜರಿನ ಹಿಂದೆ ಹೋಗಿ, ಗೋಡೆಯ ತೂತಿನಲ್ಲಿ ನುಗ್ಗಿ ಹೊರಟಿತ್ತು. ಆ ತೂತಿಗೆ ತುರುಕಿದ್ದು ನಾನು ವರ್ಷವಿಡೀ ಹುಡುಕಿದ ಉಣ್ಣೆಯ ಕಾಲುಚೀಲ! ಹೊರಗೆ ಹೋಗಿ ನೋಡಿದರೆ ವೈರಿನ ತುದಿ ಅಂಗಳದಲ್ಲಿ, ಕಾರಿನ ಎಂಜಿನ್ ಬೆಚ್ಚಗಿಡುವ ಕರೆಂಟಿನ ಕಂಬದಲ್ಲಿ. ಓಸ್ಮೋ! ದುಡ್ಡು ದಂಡವಾಗಬಾರದೆಂದು, ಗಟ್ಟಿ ಚಳಿ ಬಿದ್ದರೆ ಮಾತ್ರ ಕರೆಂಟು ಬಿಡುವ ಯಂತ್ರವನ್ನು ಆ ಕಂಬಕ್ಕೆ ಕೂರಿಸಿದವನು ನೀನೇ ಅಲ್ಲವೇ? ಟಿವಿಯಲ್ಲಿ ನಿನ್ನ ಹಾಕಿ ಆಟಕ್ಕೆ ತೊಂದರೆಯೆಂದು ಕಂಪ್ಯೂಟರನ್ನು ನೀನೇ ಉಗಿಸ್ನಾನದ ಸೌನಾದ ಪಕ್ಕದ ಕೋಣೆಗೆ ದೂಡಿದೆ. ಅಲ್ಲಿದ್ದ ಒಂದೇ ಸಾಕೆಟ್ಟನ್ನು ಫ್ರೀಜರ್ ಹಿಡಿದಿತ್ತು. "ಈಗ ಹೇಗೋ ಆಗ್ಲಿ, ಬಂದ್ಮೇಲೆ ಸರಿಮಾಡ್ತೀನಿ" ಎಂದು ಏನೋ ಮಾಡಿ, ಕಾರು ಹತ್ತಿ ಬಂದರಿಗೆ ಹೊರಟೆ. ಜನವರಿಯೆಲ್ಲ ಕೊರೆಯುವ ಚಳಿ, ಹಾಗಾಗಿ ಗುಟ್ಟು ರಟ್ಟಾಗಲಿಲ್ಲ. ಈ ವಾರ ಹಿಮ ಕರಗಿತು, ಕಂಬದ ಕರೆಂಟು ನಿಂತಿತು, ನಾನು ಅಳುತ್ತಾ ಕೂತೆ.

ಕಂಪ್ಯೂಟರನ್ನು ಹೊತ್ತು ತಂದು ಅಡುಗೆಮನೆಯಲ್ಲಿ ಕಾಫಿ ಯಂತ್ರದ ಸಾಕೆಟ್ಟಿಗೆ ಚುಚ್ಚಿದೆ. ತಕ್ಷಣ ಎದ್ದಿತು. ಹೋದ ಪುಟಗಳನ್ನು ನೆನಪಿನಿಂದ ಮತ್ತೆ ಬರೆದು ಫ್ಲಾಪಿಗೆ ಇಳಿಸಿಕೊಂಡಿದ್ದೇನೆ. ಬೆಳಿಗ್ಗೆ ಗ್ರಂಥಾಲಯದಲ್ಲಿ ಅಚ್ಚು ಹಾಕಿಸುತ್ತೇನೆ, ಅವರ ಯಂತ್ರವಾದರೂ ಗೋಡೆಯ ಕರೆಂಟು ತಿನ್ನುತ್ತದೆಂದು ನಂಬಿದ್ದೇನೆ. ನಿನ್ನ ಮೇಲೆ ಸಿಟ್ಟು ಇಳಿದಿಲ್ಲ, ಆದರೂ ಡೆಕ್ಕಿಗೆ ಹೋಗುವಾಗ ಕಿವಿ ಮುಚ್ಚಿಕೋ. ಏಲಿಸ್ ನಮಸ್ಕಾರ ಹೇಳಿದ್ದಾನೆ, ಅವನಿಗೆ ತಿರುಗಿ ಹೇಳಬೇಡ.

ನಿನ್ನ
ಹಿಲ್ಕಾ

ಮರೆತಿದ್ದು: ಇವತ್ತು ಶುಕ್ರವಾರ, ಅಂಚೆ ಹೊರಡುವ ಹೊತ್ತಾಯಿತು, ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಪ್ರಬಂಧ ಕೊಟ್ಟೆ. ಮಾರ್ಕೆಟ್ಟಾ ನನ್ನೆದುರೇ ಕೊನೆಯವರೆಗೂ ಓದಿ, "ಕೂತ್ಕೋ ಹಿಲ್ಕಾ. ಪಾಸಾಗಿದೀಯ" ಎಂದಳು. ಪ್ರಮಾಣಪತ್ರ ಕೊಡುವುದು ಮೇ ೩೧, ಶನಿವಾರ. ಹೆಸರು ಕರೆದಾಗ ಹಿಂದೆ ನಮ್ಮವರು ಯಾರೂ ಇಲ್ಲದಿದ್ದರೆ ನನಗೆ ಏಳಲು ಕಾಲೇ ಬರುವುದಿಲ್ಲ. ನಿನ್ನ ಕಾಗದದಲ್ಲಿ ಒಂದು ಕಡೆ ಹಡಗಿನಿಂದ ಇಳಿಯುವುದು ಮೇ ೩೦ ಎಂದಿದೆ, ಇನ್ನೊಂದು ಕಡೆ ಜೂನ್ ೧. ಯಾವುದು ಸರಿ? ಆ ತಾರೀಖನ್ನು ಇನ್ನೊಂದು ಸಲ ನೋಡು.