ಗಡಿಯಾರ ನಿಲ್ಲಿಸಿ ಬರೆದದ್ದು

ಮನೆಯಿಂದ,
ಸೋಮವಾರ, ಬೆಳಗಿನ ಹೊತ್ತು

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಸೊಂಟದ ನೋವು ಸ್ವಲ್ಪವಾದರೂ ಇಳಿದಿದೆಯಾ? ಮಾತ್ರೆ ಸರಿಯಾಗಿ ನುಂಗುತ್ತಿದ್ದೀಯೋ, ದಿಂಬಿನ ಕೆಳಗೆ ಬಚ್ಚಿಡುವ ಹಳೇ ಚಾಳಿ ಇನ್ನೂ ಇದೆಯೋ? ಹಿರಿಮಗಳ ಮನೆಗೆ ನೆಂಟನಾಗಿ ಹೋದವನು ತೆಪ್ಪಗೆ ಕೂತು ಉಣ್ಣುವುದು ಬಿಟ್ಟು, ಗೋಡೆಯ ಬಿರುಕು ಕಂಡಿತೆಂದು ಕರಣೆ ಹಿಡಿದು ಏಣಿ ಹತ್ತಿ ಬಿದ್ದೆಯಲ್ಲ, ನಿನಗೆ ಏನೆನ್ನಬೇಕೋ ತಿಳಿಯದು. ಗೋಡೆ ಭಾವನದು, ಸೊಂಟ ನಿನ್ನದು ಎನ್ನುವುದಾದರೂ ನೆನಪಿರಬೇಕಿತ್ತು. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ, ಕತ್ತು ಒಂದು ಬಿಟ್ಟು.

ಅಕ್ಕ ಫೋನಿನಲ್ಲಿ ನಿನ್ನ ಮೇಲೆ ಚಾಡಿ ಹೇಳಿದಳು. ಗುರುವಾರ ಡಾಕ್ಟರು ನಿನ್ನನ್ನು ಎಬ್ಬಿಸಿ ನಿಲ್ಲಿಸಬೇಕಂತೆ. ನೀನು ಮಾತ್ರ, “ಚಿಕ್ಕವಳು ಬಂದು ಹಿಡ್ಕೊಂಡ್ರೆ ನಿಲ್ತೀನಿ, ಇಲ್ಲಾಂದ್ರೆ ನನ್ನ ಪಾಡಿಗೆ ನನ್ನ ಬಿಡಿ” ಎಂದು ಹಟ ಹಿಡಿದಿದ್ದೀಯಂತೆ. ಆಗಲೇ ಒಂದು ಸಲ ಮುಂದಕ್ಕೆ ಹಾಕಿಸಿದ್ದೀಯ. ಇನ್ನೂ ತಡವಾದರೆ ಕಾಲು ಬಿಗಿದುಕೊಂಡು, ಆಮೇಲೆ ನಡೆಯುವುದೇ ಕಷ್ಟ ಎಂದು ಡಾಕ್ಟರು ಹೇಳಿದರಂತೆ. ಅಪ್ಪಾ, ನನಗೆ ಬರಲಾಗುವುದಿಲ್ಲ. ಫೋನಿನಲ್ಲಿ ಇದನ್ನು ಹೇಳಲು ಹೋದರೆ ನನಗೆ ಅಳು ಬರುತ್ತದೆ. ನೀನಂತೂ “ಯಾವಾಗ ಬರ್ತೀಯ” ಎಂದು ಕೇಳಿ ಉತ್ತರಕ್ಕೂ ಕಾಯದೆ ಫೋನನ್ನು ಅಕ್ಕನ ಕೈಗೆ ಕೊಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಮೇಲಿನ ಮನೆಯ ಲಾರಿ ಡ್ರೈವರಣ್ಣ ಮಧ್ಯಾಹ್ನ ನಿಮ್ಮ ಕಡೆ ಹೊರಡುತ್ತಾನೆ, ನಾಳೆ ನಿನ್ನ ಕೈಗೆ ತಲುಪಿಸುತ್ತಾನೆ.

“ತಲೆ ಮೇಲೆ ಮೇಸ್ತ್ರಿ ಇಲ್ಲ, ಮನೇಲೇ ಕೂತು ಕೆಲಸ, ಆದ್ರೂ ಒಂದು ದಿನ ರಜೆ ಇಲ್ಲ ಅಂದ್ರೆ ಅದೆಂಥ ಕೆಲಸ” ಎಂದು ನೀನು ಕೇಳಿದ್ದು ಸರಿಯೇ. ನಾನು ಕಂಪ್ಯೂಟರಿನಲ್ಲಿ ಮನೆಗಳ ನಕ್ಷೆ ಬರೆಯುತ್ತೇನೆ ಎನ್ನುವುದು ನಿನಗೆ ಗೊತ್ತು. ಸಂಬಳ ಗಂಟೆಯ ಲೆಕ್ಕದಲ್ಲಿ ಎನ್ನುವುದೂ ಗೊತ್ತು. ಗೊತ್ತಿಲ್ಲದ್ದು ಆ ಗಂಟೆಯ ಲೆಕ್ಕ ಹೇಗೆ ಎನ್ನುವುದು. ಕೆಲಸಕ್ಕೆ ಕೂತ ಕೂಡಲೇ ಪರದೆಯ ಮೂಲೆಯಲ್ಲಿ ಒಂದು ಗಡಿಯಾರವನ್ನು ಶುರು ಮಾಡಬೇಕು. ಅದು ಓಡಿದಷ್ಟು ಹೊತ್ತಿಗೆ ಮಾತ್ರ ಕೂಲಿ. ಬರೀ ಓಡಿದರೆ ಸಾಲದು. ಆಗಾಗ, ಯಾವ ಗಳಿಗೆಯಲ್ಲೆಂದು ಹೇಳದೆ, ನನ್ನ ಪರದೆಯ ಫೋಟೋ ತೆಗೆದು ಕೆಲಸ ಕೊಟ್ಟವರಿಗೆ ತೋರಿಸುತ್ತದೆ. ಮೌಸು ಎಷ್ಟು ಆಡಿತು, ಕೀಲಿಗಳನ್ನು ಎಷ್ಟು ಒತ್ತಿದೆ ಎನ್ನುವುದೂ ಅದರಲ್ಲಿ ಬರುತ್ತದೆ. ಈ ಕಾಗದವನ್ನು ಟೈಪ್ ಮಾಡದೆ, ಗಡಿಯಾರ ನಿಲ್ಲಿಸಿ, ಅಡುಗೆಮನೆಯ ಮೇಜಿನ ಮೇಲೆ ಕೈಯಲ್ಲಿ ಬರೆಯುತ್ತಿರುವುದು ಅದಕ್ಕೇ. ಇಲ್ಲವಾದರೆ ನಿನ್ನ ಸೊಂಟದ ಸುದ್ದಿಯೂ ಅವರಿಗೆ ತಲುಪುತ್ತಿತ್ತು.

ಗಾರೆ ಕೆಲಸದಲ್ಲಿ ನಿನಗೆ ಶನಿವಾರ ಸಂಜೆ ಬಟವಾಡೆ. ಕೈಕಾಲು ತೊಳೆದು ಸಾಲಿನಲ್ಲಿ ನಿಂತರೆ ವಾರದ ದುಡ್ಡು ಕೈಗೆ. ನನ್ನ ವಾರ ಭಾನುವಾರಕ್ಕೆ ಮುಗಿಯುತ್ತದೆ. ಸೋಮವಾರ ಬಿಲ್ಲು ತಾನಾಗಿಯೇ ಆಗುತ್ತದೆ. ಆಮೇಲೆ ಕೆಲಸ ಕೊಟ್ಟವರು ನಾಲ್ಕು ದಿನ ಕೂತು ಆ ಫೋಟೋಗಳನ್ನು ನೋಡಬಹುದು, ಈ ಗಂಟೆ ಒಪ್ಪುವುದಿಲ್ಲ ಎಂದು ತಕರಾರು ತೆಗೆಯಬಹುದು. ತಕರಾರು ಇಲ್ಲದಿದ್ದರೂ ದುಡ್ಡು ನೇರ ನನಗೆ ಬರುವುದಿಲ್ಲ. ಅವರಿಗೂ ನನಗೂ ನಡುವೆ ನಿಂತಿರುವ ಕಂಪನಿ ಅದನ್ನು ಇನ್ನೂ ಕೆಲವು ದಿನ ತನ್ನ ಹತ್ತಿರ ಇಟ್ಟುಕೊಳ್ಳುತ್ತದೆ. ಏನಾದರೂ ಹೆಚ್ಚುಕಡಿಮೆಯಾದರೆ ಇರಲಿ ಎನ್ನುವುದಕ್ಕಂತೆ. ಹೆಚ್ಚುಕಡಿಮೆ ಎಲ್ಲ ನನಗೇ ಆಗುವುದು, ಕಾವಲು ಮಾತ್ರ ದುಡ್ಡಿಗೆ! ಕೊನೆಗೆ ಬ್ಯಾಂಕಿಗೆ ಬಂದು ಬೀಳುವಷ್ಟರಲ್ಲಿ ಎರಡು ವಾರ ಆಗಿರುತ್ತದೆ. ಈಗ ನಾವು ತಿನ್ನುತ್ತಿರುವುದು ನಾನು ಯಾವಾಗಲೋ ದುಡಿದದ್ದನ್ನು.

ಹಾಗಾಗಿ ಈ ವಾರ ನಾನು ಬಂದು ನಿನ್ನ ಪಕ್ಕ ಕೂತರೆ ಈ ವಾರ ಏನೂ ಆಗುವುದಿಲ್ಲ. ಏಟು ಬೀಳುವುದು ಆಮೇಲೆ, ಸರಿಯಾಗಿ ಬಾಡಿಗೆಯ ಹೊತ್ತಿಗೆ. ಹೊಸ ಕೆಲಸ ಹುಡುಕೋಣವೆಂದರೂ ಹಳೆಯದನ್ನು ಬಿಟ್ಟು ಹೊಸದರ ಮೊದಲ ದುಡ್ಡು ಬರುವ ತನಕ ಉಪವಾಸ. ಬಿಡುವಂತಿಲ್ಲ, ಹಿಡಿದುಕೊಂಡಿರುವಂತೆಯೂ ಇಲ್ಲ ಎನ್ನುವ ಹಾಗಾಗಿದೆ. ರಜೆ ಕೇಳೋಣವೆಂದರೆ ಕರಾರನ್ನು ಒಂದು ಗುಂಡಿ ಒತ್ತಿ ಮುಗಿಸಿಬಿಡಬಹುದು. ಗುಂಡಿ ಅವರಿಗೂ ಇದೆ, ನನಗೂ ಇದೆ, ಬಾಡಿಗೆ ಕಟ್ಟಬೇಕಾದವಳು ಮಾತ್ರ ನಾನೊಬ್ಬಳೇ. ನೀನು ಮೇಸ್ತ್ರಿಯ ಮುಖ ನೋಡಿ, ಅವನು ನಗುತ್ತಿರುವಾಗ ರಜೆ ಕೇಳುತ್ತಿದ್ದೆ. ನನ್ನ ಮೇಸ್ತ್ರಿಯ ಮುಖವನ್ನೇ ನಾನು ಕಂಡಿಲ್ಲ. ನನಗೆ ಭಯವಾಗುತ್ತದೆ ಅಪ್ಪಾ, ನಿಜವಾಗಿಯೂ. ನೀರು ಕುಡಿಯಲು ಎದ್ದರೂ ಏನೋ ಕದ್ದ ಹಾಗೆ ಅನ್ನಿಸುತ್ತದೆ.

ಇದರ ನಡುವೆ ಅಮ್ಮನದೊಂದು ಪ್ರತಾಪ. ಹೋದ ವಾರ ಅಕ್ಕ ಫೋನು ಮಾಡಿದಾಗ ನಾನು ಗಡಿಯಾರ ನಿಲ್ಲಿಸದೆ ಹೊರಗೆ ಓಡಿದ್ದೆ. ನಿನ್ನ ವಿಷಯ ಮಾತಾಡುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ. ಒಳಗೆ ಬಂದು ನೋಡಿದರೆ ಅಮ್ಮ ನನ್ನ ಕುರ್ಚಿಯಲ್ಲಿ ಕೂತು, ತಟ್ಟೆ ಉಜ್ಜುವ ಹಾಗೆ ಮೌಸನ್ನು ಗುಂಡಗೆ ಉಜ್ಜುತ್ತಿದ್ದಾಳೆ! “ಕೈ ಆಡದಿದ್ರೆ ಕೂಲಿ ಇಲ್ಲ ಅಂತ ನೀನೇ ಹೇಳಿದ್ಯಲ್ಲೇ, ಗಂಟೆ ಸುಮ್ನೆ ಹಾಳಾಗ್ತಿತ್ತು” ಎಂದಳು. ಉಜ್ಜುವ ಭರದಲ್ಲಿ ನಕ್ಷೆಯ ಒಂದು ಗೋಡೆಯನ್ನು ಎಳೆದು ತಂದು ಅಡುಗೆಮನೆಯ ಬಾಗಿಲಿಗೆ ಅಡ್ಡ ಇಟ್ಟಿದ್ದಳು. ಒಳಗೆ ಒಲೆ ಇದೆ, ಸಿಂಕು ಇದೆ, ಹೊರಗೆ ಬರಲು ದಾರಿಯೇ ಇಲ್ಲ. ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಗೋಡೆ ಸರಿಪಡಿಸಿದೆ. ಆ ಗಂಟೆಯನ್ನು ಲೆಕ್ಕದಿಂದ ತೆಗೆಯಲು ಮರೆತೆ.

ಇವತ್ತು ಬಿಲ್ಲು ಆಗಿದೆ. ಆಗಲೇ ಅವರ ಪ್ರಶ್ನೆಯೂ ಬಂತು: ಆ ಗಂಟೆಯಲ್ಲಿ ಮೌಸು ಒಂದೇ ಸಮನೆ ತಿರುಗಿದೆ, ಒಂದು ಕೀಲಿಯನ್ನೂ ಒತ್ತಿಲ್ಲ, ಫೋಟೋದಲ್ಲಿ ಬಾಗಿಲಿಲ್ಲದ ಅಡುಗೆಮನೆ, ಯಾರು ಕೂತಿದ್ದರು ಎಂದು. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಆ ಗಂಟೆಯ ದುಡ್ಡು ಬೇಡ, ತೆಗೆದುಬಿಡಿ ಎಂದೂ ಬರೆದೆ. ಇನ್ನೂ ಉತ್ತರವಿಲ್ಲ. ಹೀಗಿರುವಾಗ ಯಾವ ಬಾಯಲ್ಲಿ ರಜೆ ಕೇಳಲಿ, ಹೇಳು?

ಅದಕ್ಕೆ ನಿನ್ನ ಕಾಲು ಹಿಡಿದು ಕೇಳುತ್ತೇನೆ, ಗುರುವಾರ ನಿಂತುಬಿಡು. ಅಕ್ಕ ಒಂದು ಕಡೆ, ಭಾವ ಒಂದು ಕಡೆ ಹಿಡಿದುಕೊಳ್ಳುತ್ತಾರೆ. ಸಣ್ಣವಳಿದ್ದಾಗ, ಗೋಡೆ ನೆಟ್ಟಗಿದೆಯೇ ಎಂದು ನೀನು ನೋಡುವಾಗ, ನಿನ್ನ ತೂಗುಗುಂಡಿನ ದಾರ ಹಿಡಿದು ನಿಲ್ಲುತ್ತಿದ್ದವಳು ನಾನೇ. ದಾರ ಅಲ್ಲಾಡಿದರೆ ನೀನು “ಉಸಿರು ಬಿಡಬೇಡ ಕಣೇ” ಎಂದು ಗದರುತ್ತಿದ್ದೆ. ಆ ದಾರದ ಹಾಗೆ ನೆಟ್ಟಗೆ ನಿಲ್ಲು. ನಾನಿಲ್ಲದಿದ್ದರೂ ನಿಲ್ಲಬೇಕು. ಅದನ್ನು ನೋಡಲು ನಾನು ಅಲ್ಲಿರುವುದಿಲ್ಲ ಎಂದು ಸಂಕಟವಾಗುತ್ತದೆ, ಆದರೂ ನಿಲ್ಲು.

ಅಕ್ಕನಿಗೆ, ಭಾವನಿಗೆ ನನ್ನ ನೆನಪು ಹೇಳು. ಅಮ್ಮ ನಿನಗೆಂದು ಎರಡು ಹಳೇ ಪಂಚೆ ಒಗೆದು ಮಡಚಿ ಈ ಕಾಗದದ ಜೊತೆ ಕಳಿಸುತ್ತಿದ್ದಾಳೆ. ನಿನಗೆ ನನ್ನ ನಮಸ್ಕಾರ.

ಇಂತಿ ನಿನ್ನ
ಬಾಲಂಗೋಚಿ

ಮರೆತ ಮಾತು: ಡ್ರೈವರಣ್ಣ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಉತ್ತರ ಬಂತು. ಇಷ್ಟು ದಿನದ ಕೆಲಸಕ್ಕೆ ಧನ್ಯವಾದ ಎಂದು ಒಂದು ಸಾಲು ಬರೆದು ಕರಾರು ಮುಗಿಸಿದ್ದಾರೆ. ಅಮ್ಮನಿಗೆ ರಜೆ ಸಿಕ್ಕಿತು ಎಂದಿದ್ದೇನೆ. ನೀನೂ ಹಾಗೇ ಹೇಳು, ಅವಳ ಕೈಯಿಂದ ಆಯಿತೆಂದು ಅವಳಿಗೆ ಯಾವತ್ತೂ ಗೊತ್ತಾಗಬಾರದು. ದುಡಿದ ಎರಡು ವಾರದ ದುಡ್ಡು ಇನ್ನೂ ಬರಬೇಕು, ಆ ಗಂಟೆಯೊಂದನ್ನು ಬಿಟ್ಟು ಎಲ್ಲ ಬರುತ್ತದೆ. ತಡ, ತಡ ಎಂದು ಎಷ್ಟು ಬೈದಿದ್ದೆನೋ, ಈಗ ಅದೇ ತಡ ಎರಡು ವಾರ ನಮ್ಮನ್ನು ಸಾಕುತ್ತದೆ. ಆಮೇಲೆ ಏನು ಎಂದು ನನ್ನನ್ನು ಕೇಳಬೇಡ, ನನಗೂ ಗೊತ್ತಿಲ್ಲ. ಬುಧವಾರದ ಬಸ್ಸು ಹತ್ತುತ್ತೇನೆ. ಅಪ್ಪಾ, ಗುರುವಾರ ನಾನು ಬಂದು ಕೈ ಹಿಡಿಯುವ ತನಕ ಕಾಲು ಕೆಳಗೆ ಇಡಬೇಡ.