ನುಂಗಿದ ಹಕಾರ

೧೯೫೮ ಜೂನ್ ೧೨, ಗುರುವಾರ

ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ಹೈಸ್ಕೂಲಿನ ಕನ್ನಡ ಪಂಡಿತರ ಕೆಲಸಕ್ಕೆ ಇವತ್ತು ಸಂದರ್ಶನವಿತ್ತು. ಹೆಡ್‌ಮಾಸ್ತರ್ ಅಂತ ನಾನೂ ಕೂತಿದ್ದೆ. ಕೆಸರೆಯಿಂದ ಚಿಕ್ಕತಾಯಮ್ಮ ಎಂಬ ಹುಡುಗಿ ಬಂದಿದ್ದಳು. ಏನು ಓದಿದ್ದೀಯಮ್ಮಾ ಎಂದು ಸ್ಕೂಲ್ ಕಮಿಟಿಯ ಅಧ್ಯಕ್ಷರು ಕೇಳಿದ್ದಕ್ಕೆ, "ಅಳೆಗನ್ನಡ ಸಾರ್" ಅಂದಳು.

"ಅಳೆಗನ್ನಡವೋ! ಸೇರಿನಲ್ಲಿ ಅಳೀತೀಯೋ, ಪಾವಿನಲ್ಲೋ?"

ಮೇಜಿನ ಸುತ್ತ ನಗುವೋ ನಗು. ಕುರ್ಚಿ ಸಿಕ್ಕಿದ ದಿನದಿಂದ ಆ ಮನುಷ್ಯನದು ಇದೇ ಚಾಳಿ. ಎದುರಿನವರು ಬಾಯಿ ತೆರೆದ ಕೂಡಲೇ ಅವರ ಊರು, ಕುಲ ಎಲ್ಲ ಅಳೆದು ಮುಗಿಸಿರುತ್ತಾನೆ. ಅವಳ ಅಂಕಪಟ್ಟಿಯನ್ನು ಬಿಚ್ಚಿಯೂ ನೋಡಲಿಲ್ಲ.

ಹುಡುಗಿ ತಲೆ ತಗ್ಗಿಸಲಿಲ್ಲ. "ಕುಡಿಯೋ ಆಲಿಗೆ ಅಳೆಗನ್ನಡದಲ್ಲಿ ಪಾಲ್ ಅಂತಿದ್ರು ಸಾರ್. ನೀವು ಪಕಾರ ಬುಟ್ರಿ, ನಾವು ಹಕಾರ ಬುಟ್ವಿ. ಬುಟ್ಟೋರು ಇಬ್ರೂವೆ."

ನಗು ನಿಂತಿತು. "ಸೊಕ್ಕು ನೋಡಿ" ಎಂದು ಅಧ್ಯಕ್ಷರು ಅವಳ ಹೆಸರಿನ ಮೇಲೆ ಗೀಟು ಎಳೆದರು. ಸೊಕ್ಕು ಯಾರದು?

ಮನೆಗೆ ಬಂದರೆ ಅವ್ವ, "ಯಾಕ್ಲಾ ಮಗ, ಅಂಗೆ ಮೊಕ ಊದಿಸ್ಕೊಂಡಿದ್ದೀಯ?" ಅಂದಳು. ಅವಳ ಈ ಮಾತನ್ನು ನನ್ನ ನಾಲಗೆಯಿಂದ ಕೆರೆದು ತೆಗೆಯಲು ನನಗೆ ಹತ್ತು ವರ್ಷ ಹಿಡಿದಿತ್ತು. ಒಳಗೆ ಬಂದು ಈ ಡೈರಿ ತೆರೆದೆ.

ಅಧ್ಯಕ್ಷನನ್ನು ಬೈದು ಈ ಪುಟ ತುಂಬಿಸಬಹುದು. ಆದರೆ ಅಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಹಹ್ಹಹ್ಹಾ ಎಂದು, ಒಂದು ಹಕಾರವನ್ನೂ ನುಂಗದೆ.