ಹಿಡಿಯಕ್ಕಿಯ ಸ್ತೋತ್ರ

ಕುಂದಾಪುರ
ತಾ. 14-10-1964

ಪ್ರೀತಿಯ ಸುಂದರಿ ಅಕ್ಕನಿಗೆ ನಿನ್ನ ತಂಗಿಯ ವಂದನೆಗಳು.

ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೇನೆ, ಬೈದುಬಿಡು. ಬ್ರಹ್ಮಾವರದಿಂದ ಬಸ್ಸು ಹತ್ತಿ ಬಂದು ಕಿವಿ ಹಿಂಡಿದರೂ ತಪ್ಪಿಲ್ಲ. ಪೆನ್ನು ಹಿಡಿದರೆ 'ನಾವೆಲ್ಲ ಕ್ಷೇಮ' ಅಂತ ಬರೆಯಬೇಕಲ್ಲ, ಅಲ್ಲಿಗೇ ಕೈ ನಿಲ್ಲುತ್ತದೆ. ಇವರೇನೋ ಕ್ಷೇಮ. ಗಂಗೊಳ್ಳಿಯ ಶಾಲೆಗೆ ಪಾಠ ಮಾಡಲು ಈಗಲೂ ದೋಣಿಯಲ್ಲೇ ಹೋಗಿಬರುತ್ತಾರೆ. ದೋಣಿ ಮಗುಚಿ ಸಾವಿನ ಬಾಯಿಂದ ಬಂದ ಮನುಷ್ಯ ಮರುವಾರವೇ ಅದೇ ಹೊಳೆ ದಾಟಿದರು. ದಡದಲ್ಲಿ ಕೊಡೆ ಹಿಡಿದು ನಿಂತಿದ್ದವಳು ನಾನು, ವರ್ಷ ಕಳೆದರೂ ಚಾಪೆ ಬಿಟ್ಟೇಳಲು ಒದ್ದಾಡುತ್ತೇನೆ.

ಬೆಳಿಗ್ಗೆ ಎಚ್ಚರವಾದ ಕೂಡಲೇ ಎದೆ ಡವಡವ ಅನ್ನುತ್ತದೆ. ಊಟ ಸೇರುವುದಿಲ್ಲ. ಸುಮ್ಮನೆ ಕೂತಲ್ಲೇ ಅಳು ಬರುತ್ತದೆ. ಡಾಕ್ಟರರು ನರದ ಬಲಹೀನತೆ ಅಂತ ಕೆಂಪು ಟಾನಿಕ್ ಕೊಟ್ಟರು. ಬಾಟ್ಲಿ ಮುಗಿಯಿತು, ನರ ಹಾಗೆಯೇ ಇದೆ. ನಮ್ಮ ಪಾದ್ರಿ ಅಯ್ಯನವರು "ಸುಗುಣಮ್ಮ, ನೀವು ಸ್ತೋತ್ರ ಹೇಳುವ ಅಭ್ಯಾಸ ಬಿಟ್ಟಿದ್ದೀರಿ, ಅದೇ ರೋಗ" ಅಂದರು. ಅನ್ನಕ್ಕೆ ಅಕ್ಕಿ ಅಳೆಯುವಾಗ ಸಭೆಗೆಂದು ಒಂದು ಹಿಡಿ ತೆಗೆದಿಡುತ್ತೇವಲ್ಲ, ಆ ಒಂದೊಂದು ಹಿಡಿಗೂ ದೇವರ ಒಂದೊಂದು ಉಪಕಾರ ನೆನೆದು ಬಾಯಿಬಿಟ್ಟು ಸ್ತೋತ್ರ ಹೇಳಬೇಕಂತೆ.

ಹೇಳಿದೆ ಅಕ್ಕ, ಬಿಸಿಲಿಗೆ ಹೇಳಿದೆ, ಕೋಳಿಮೊಟ್ಟೆಗೆ ಹೇಳಿದೆ, ಹಲ್ಲುನೋವು ಹೋದದ್ದಕ್ಕೂ ಹೇಳಿದೆ. ಕೆಲವು ದಿನ ಎದೆ ಹಗುರವೂ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ 'ನನ್ನ ಗಂಡನನ್ನು ಉಳಿಸಿಕೊಟ್ಟೆ' ಅನ್ನುವಲ್ಲಿಗೆ ಬಂದರೆ, ಅಕ್ಕಿ ತೊಳೆಯುವ ನೀರಿನೊಳಗೆ ಯಾರೋ ನನ್ನ ಮಣಿಕಟ್ಟು ಹಿಡಿದ ಹಾಗಾಗುತ್ತದೆ. ಅದೂ ಹಾಡುಹಗಲು, ಹನ್ನೊಂದು ಗಂಟೆಗೆ! ಎರಡು ಸಲ ಅಕ್ಕಿಯನ್ನೆಲ್ಲ ಚೆಲ್ಲಿ ಜಗಲಿಗೆ ಓಡಿಬಂದೆ. ರಜೆಯೆಂದು ಮನೆಯಲ್ಲಿದ್ದ ಇವರು "ಎಂತ ಮಾರಾಯ್ತಿ, ಇಲಿಯಾ?" ಅಂತ ಕೇಳಿದರು. ಹೌದು ಅಂದೆ.

ಆ ದಿನ ಸತ್ತ ದೋಣಿಯವ ಸೂರನ ಹೆಂಡತಿ ಜಲಜ ಗೊತ್ತಲ್ಲ, ಕೋಡಿಯಿಂದ ಮೀನು ಹೊತ್ತು ತರುವವಳು. ಸೂರ ಇಬ್ಬರನ್ನು ದಡಕ್ಕೆ ಎಳೆದು ತಂದ, ಮತ್ತೆ ನೀರಿಗಿಳಿದವನು ಮೇಲೆ ಬರಲಿಲ್ಲ. ಮಗುಚಿದ ದೋಣಿ ಹಿಡಿದುಕೊಂಡಿದ್ದ ಇವರನ್ನು ಆಮೇಲೆ ಇನ್ನೊಬ್ಬ ದೋಣಿಯವ ಗುಡ್ಡನ ಜನ ಬಂದು ಎತ್ತಿದರು. ಇಷ್ಟು ಊರಿಗೆಲ್ಲ ಗೊತ್ತು.

ನಾನು ಒಂದು ಕೆಲಸ ಮಾಡುತ್ತಿದ್ದೇನೆ, ಯಾರಿಗೂ ಹೇಳಬೇಡ. ಸಭೆಗೆ ಮುಟ್ಟಬೇಕಾದ ಹಿಡಿಯಕ್ಕಿಯನ್ನು ಪ್ರತಿ ಶನಿವಾರ ಜಲಜಳ ಬುಟ್ಟಿಗೆ ಸುರಿಯುತ್ತೇನೆ. ದೇವರ ಪಾಲು ಕದಿಯುವಷ್ಟು ಧೈರ್ಯ ಬಂದಿದೆ ನೋಡು ನನಗೆ! ಅವಳು ಕೈ ಮುಗಿಯುತ್ತಾಳೆ. "ಅಮ್ಮಾ, ನನ್ನ ಮರೀದೆ ಇಪ್ಪುದ್ ನೀವೊಬ್ರೇ. ನಿಮ್ಮ ದೇವ್ರ್ ನಿಮ್ಮನ್ ತಣ್ಣಗ್ ಇಡ್ಲಿ" ಅನ್ನುತ್ತಾಳೆ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೋದ ಶನಿವಾರ ಬುಟ್ಟಿ ಎತ್ತದೆ ನಿಂತಳು. "ಒಂದ್ ಮಾತ್ ಹೇಳಿ ಅಮ್ಮಾ. ನೀವ್ ದಡದ ಮೇಲೇ ಇದ್ದಿರಿ ಅಲ್ದಾ? ಬದ್ಕಿ ದಡಕ್ಕ್ ಬಂದ ನಮ್ಮನಿಯವ್ರ್ ಮತ್ತೆ ಎಂತಕ್ ನೀರಿಗ್ ಇಳ್ದ್ರ್? ನನ್ ನೆನ್ಪ್ ಆಯ್ಲಿಲ್ಯಾ ಅವ್ರಿಗೆ?" ನಾನು ಒಲೆಯ ಮೇಲೆ ಹಾಲಿದೆ ಅಂತ ಒಳಗೆ ಓಡಿದೆ. ಒಲೆ ಹೊತ್ತಿಸಿಯೇ ಇರಲಿಲ್ಲ.

ಬರುವ ಭಾನುವಾರ ದೇವಾಲಯದಲ್ಲಿ ನಮ್ಮ ಬೆಳೆಹಬ್ಬ. ಹೋದ ವರ್ಷದ ಹಾಗೆ ಈ ಸಲವೂ ನಾನು ಎದ್ದು ನಿಂತು ದೇವರ ಉಪಕಾರ ಸಾರಬೇಕಂತೆ. ಅಯ್ಯನವರು ಜಲಜಳನ್ನೂ ಕರೆದಿದ್ದಾರೆ. "ಸೂರ ತಾನಾಗಿ ಪ್ರಾಣ ಕೊಟ್ಟ ಅಂತ ನಿಮ್ಮ ಬಾಯಿಂದಲೇ ಹೇಳಿ, ಅವಳಿಗೆ ಸೀರೆ ಕೊಡಿ, ನಿಮ್ಮ ಮನಸ್ಸಿಗೂ ಸಮಾಧಾನ" ಅಂದರು. ಅಲ್ಲಿ ನಿಂತು ಏನು ಹೇಳಲಿ ಅನ್ನುವುದೇ ಈಗ ನನ್ನ ಹೆದರಿಕೆ. ನಂಬಿಕೆ ಹೋಗಿದೆ ಅಂದುಕೊಳ್ಳಬೇಡ ಅಕ್ಕ. ಹೋಗಿದ್ದರೆ ಹೆದರಿಕೆಯೂ ಹೋಗುತ್ತಿತ್ತು. ದೇವರು ನೋಡಿದ್ದಾನೆ ಅಂತಲೇ ಈ ನಡುಕ.

ಭಾವನವರಿಗೆ ನಮಸ್ಕಾರ ಹೇಳು. ಮಕ್ಕಳನ್ನು ಕರ್ತನು ಕಾಪಾಡಲಿ, ಒಳ್ಳೆಯ ಬುದ್ಧಿ ಕೊಡಲಿ. ಹೊಳೆಯ ಕಡೆ ಬಿಡಬೇಡ.

ನಿನ್ನ
ಸುಗುಣ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಸೂರ ತಾನಾಗಿ ಇಳಿಯಲಿಲ್ಲ ಅಕ್ಕ. ಏದುಸಿರು ಬಿಡುತ್ತ ಮರಳ ಮೇಲೆ ಕೂತಿದ್ದ. ನಾನು ಅವನ ಕೈ ಹಿಡಿದು ಎಳೆದೆ. "ಅಮ್ಮಾ, ಕೈ ಸೋತಿತ್. ಗುಡ್ಡಣ್ಣನ ದೋಣಿ ಬತ್ತಾ ಇತ್ತ್ ಕಾಣಿ" ಅಂದ. ಆ ದೋಣಿ ನನಗೂ ಕಾಣುತ್ತಿತ್ತು. ಆದರೂ "ನೀನ್ ದೋಣಿಯವ ಅಲ್ದಾ? ನಿನ್ನ ಕೆಲ್ಸ ಅಲ್ದಾ ಅದ್?" ಅಂತ ಕಿರುಚಿದೆ. "ಮನೆಯಗೆ ಜಲಜ ಒಬ್ಳೇ ಅಮ್ಮಾ" ಅಂದ. ನಾನು ಕೈ ಬಿಡಲಿಲ್ಲ, ನೀರಿನ ತನಕ ಎಳೆದುಕೊಂಡು ಹೋದೆ. ಗಾಳಿಗೆ ಬೇರೆ ಯಾರಿಗೂ ಕೇಳಿಸಲಿಲ್ಲ. ಇವರಿಗೂ ಗೊತ್ತಿಲ್ಲ.

ನಾಳೆ ಬೆಳಿಗ್ಗೆ ಕೋಡಿಗೆ ಹೋಗುತ್ತೇನೆ. ನೆನಪಾಗಲಿಲ್ಲವಾ ಅಂತ ಕೇಳಿದಳಲ್ಲ ಜಲಜ. ಆಗಿತ್ತು ಅಂತ ಹೇಳಬೇಕು.